ಗಾಜು ಡೊಂಕು

ಹಳೆಯ ಬನಿಯನ್ ಚೂರಿನಿಂದ ಮೀನಿನ ತೊಟ್ಟಿಯ ಪಾಚಿ ಉಜ್ಜುತ್ತಿದ್ದೆ, ಮೊಣಕೈವರೆಗೂ ನೀರು. ಇದ್ದಕ್ಕಿದ್ದಂತೆ ಕಿರುಬೆರಳಿಗೆ ಕಚಗುಳಿ. ನೋಡಿದರೆ, ತಿಂಗಳಿಂದ ಗಿಡದ ಸಂದಿಯಲ್ಲೇ ಅವಿತಿದ್ದ ಮರಿಗಳು ಬೆರಳಿಗಂಟಿದ ಪಾಚಿ ಕೀಳುತ್ತಿವೆ. ಅಲ್ಲಾಡದೆ ನಿಂತೆ.

"ಏ ಹುಡುಗಿ, ಕ್ಯಾಮೆರಾ ತಗೊಂಡು ಬಾ. ಹೆಜ್ಜೆ ಸಪ್ಪಳ ಆಗಬಾರದು," ಎಂದು ಸೊಸೆಯನ್ನು ಕರೆದೆ. ಸ್ಟುಡಿಯೋದಲ್ಲಿ ದಿನವಿಡೀ ಪಾಸ್‌ಪೋರ್ಟ್ ಫೋಟೊ ತೆಗೆಯುವವಳು ಅವಳು.

ಈ ಮೀನುಗಳು ನನ್ನ ತಂಗಿಯವು. "ನನ್ನ ಕೈಗುಣವೇ ಸರಿಯಿಲ್ಲ ಅಕ್ಕ, ಸಾಕಿದ್ದೆಲ್ಲ ಸಾಯುತ್ತೆ. ಉಳಿದಿರೋ ಈ ಜೋಡಿ ನೀನೇ ಇಟ್ಕೋ," ಎಂದು ಊರು ಬಿಡುವಾಗ ಕೊಟ್ಟು ಹೋದಳು. ಅಲ್ಲಿ ಆಸೆಪಟ್ಟು ಕೊಂಡ ಹೊಸ ತೊಟ್ಟಿ, ಮೀನು ಬಿಡಲು ಹೆದರಿ, ಒಣಗಿ ಕೂತಿದೆ. ಮರಿಯಾದವು ಎಂದು ಫೋನಿನಲ್ಲಿ ಕೂಗಿ ಹೇಳಿದರೆ, "ನನ್ನ ಸಮಾಧಾನಕ್ಕೆ ಹೇಳ್ತೀಯ. ಫೋಟೊ ಕಳಿಸು ನೋಡೋಣ. ಅಂಗಡಿ ಮೀನಿನದ್ದಲ್ಲ," ಎಂದಳು. ಫೋನಿನ ಚಿತ್ರ ಅವಳ ಕಣ್ಣಿಗೆ ಹತ್ತದು, ಕಾಗದದ ಮೇಲೇ ಬೇಕು.

ಪತ್ರ ಬರೆದಿಟ್ಟು ತಿಂಗಳಾಯಿತು, ಫೋಟೊ ಒಂದೂ ನೆಟ್ಟಗೆ ಬರಲಿಲ್ಲ. ತೊಟ್ಟಿ ಮಡಕೆಯಂತೆ ಗುಂಡಗಿದೆ. ಒಂದು ಮರಿ ಮೂರಾಗುತ್ತದೆ, ತಾಯಿ ಹಾವಿನಷ್ಟು ಉದ್ದವಾಗುತ್ತದೆ, ನಡುವೆ ಗಾಜಿನಲ್ಲಿ ಮೂಡಿದ ಸೊಸೆಯ ಮೂಗು.

"ಗಾಜು ಡೊಂಕು ಅತ್ತೆ, ನಾನೇನು ಮಾಡ್ಲಿ?" ಎಂದು ಅವಳು ಗೊಣಗುವಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಾನು ಛೇಡಿಸುವೆ.

ಇವತ್ತು ಅವಳು ಕಿಟಕಿ ಮುಚ್ಚಿ, ಕಪ್ಪು ಕಂಬಳಿಯೊಳಗೆ ನುಸುಳಿದಳು. ಕ್ಯಾಮೆರಾದ ಮೂತಿಯನ್ನು ನನ್ನ ಬೆರಳಿಗೆ ನೇರ ಎದುರಾಗಿ, ಗಾಜಿಗೆ ಒತ್ತಿಯೇ ಹಿಡಿದಳು. ತೊಟ್ಟಿಯ ಮೇಲಿನ ದೀಪವೊಂದೇ ಉರಿಯುತ್ತಿತ್ತು.

"ಗಲ್ಲ ಸ್ವಲ್ಪ ಮೇಲೆ," ಎಂದಳು, ಅಭ್ಯಾಸಬಲ.

"ಮೀನಿಗೆ ಗಲ್ಲ ಎಲ್ಲಿಂದ ತರೋದೇ?"

"ನಗಿಸಬೇಡಿ ಅತ್ತೆ, ಕೈ ಅಲ್ಲಾಡುತ್ತೆ."

ಕ್ಲಿಕ್. ಮತ್ತೊಂದು ಕ್ಲಿಕ್. ನನ್ನ ಸೊಂಟ ಹಿಡಿದುಕೊಂಡಿತು, ಬೆರಳು ಕದಲಿಸಲಿಲ್ಲ.

ಚಿತ್ರ ನೋಡಿ ಅವಳ ಮುಖ ಸಪ್ಪಗಾಯಿತು. "ಮರಿಗಳೇನೋ ಚೆನ್ನಾಗಿ ಬಂದಿವೆ. ನಿಮ್ಮ ಬೆರಳೇ ಸೊಟ್ಟ. ಈ ಹಾಳು ಗಾಜು! ಬೆರಳು ಕತ್ತರಿಸಿಬಿಡ್ತೀನಿ."

"ನನ್ನದನ್ನೇ?"

"ಫೋಟೊದಲ್ಲಿ, ಅತ್ತೆ."

ಕನ್ನಡಕ ಏರಿಸಿ ನೋಡಿದೆ. ಐದು ಮರಿ, ಐದು ಬಾಲ, ಕಣ್ಣುಗಳೂ ಲೆಕ್ಕಕ್ಕೆ ಸರಿ. ನೀರು ತೊಟ್ಟಿಕ್ಕುವ ಕೈಯನ್ನು ಅವಳ ಮೂಗಿನ ಮುಂದೆ ಹಿಡಿದೆ.

"ಚಿಕ್ಕವಳಿದ್ದಾಗ ನನ್ನ ತಂಗಿ ಇದರ ಮೇಲೇ ಬಾಗಿಲು ಹಾಕಿದ್ದು. ಗಾಜು ಸುಳ್ಳು ಹೇಳಿಲ್ಲ ಕಣೇ. ಬೆರಳೇ ಡೊಂಕು."

"ಇಷ್ಟು ವರ್ಷ ನಾನು ನೋಡೇ ಇಲ್ವಲ್ಲ!"

"ನೀನು ನೋಡೋದು ಬರೀ ಗಲ್ಲ."

ಸಂಜೆ ಅವಳು ಸ್ಟುಡಿಯೋದಿಂದ ಅಂಗೈಯಗಲದ ಚಿತ್ರ ತಂದಳು, ಬೆರಳಿನ ಸಮೇತ. ಪತ್ರದ ಕೊನೆಗೆ ಸೇರಿಸಿದೆ: "ಬೆರಳು ಯಾರದ್ದೆಂದು ನಿನಗೆ ಗೊತ್ತು. ನಿನ್ನ ಕೈಯಲ್ಲಿ ಬೆಳೆದ ತಾಯಿಯ ಮರಿಗಳಿವು. ತೊಟ್ಟಿಗೆ ನೀರು ತುಂಬಿಸಿಡು, ಎರಡನ್ನು ತರುತ್ತೇನೆ."

ಲಕೋಟೆಗೆ ಅಂಟು ಹಚ್ಚಿ, ಸೊಸೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಟೆ. ಅಂಚೆ ಡಬ್ಬಿಯ ಬಾಯಿಗೆ ಕೈ ತೂರಿಸಿ ಬಿಟ್ಟೆ. ಒಳಗೆ ಬಿದ್ದ ಸದ್ದು ಕೇಳಿತು.