ಅರ್ಧ ಗೋಡೆಯ ಬಣ್ಣ

ಒಂದಾನೊಂದು ಊರಿನಲ್ಲಿ, ಬಸ್ ನಿಲ್ದಾಣದ ಎದುರಿಗೇ, ಒಂದು ಬಣ್ಣದಂಗಡಿಯಿತ್ತು. ಎತ್ತರದ ಸ್ಟೂಲಿನ ಮೇಲೆ ಕೂರುವ ಮಾವ ಅದರ ರಾಜ. ಕಂಪ್ಯೂಟರಿನ ಮುಂದೆ ಕೂರುವ ಅವನ ತಂಗಿಯ ಮಗಳು ಮಂತ್ರಿ. ಯಾವ ಬಣ್ಣ ಕೇಳಿದರೂ ತಡವಿಲ್ಲದೆ ಹುಡುಕಿಕೊಡುವಂತೆ ಮಾಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ದಿನವೂ "ಈಗಲೇ ಆಯ್ತು ಮಾವ" ಎನ್ನುತ್ತಿದ್ದುದರಿಂದ ಅವಳಿಗೆ 'ಈಗಲೇ' ಎಂದೇ ಹೆಸರು ಬಿದ್ದಿತ್ತು.

ಒಂದು ಬೆಳಿಗ್ಗೆ ಪೇಂಟರು ಖಾಲಿ ಡಬ್ಬ ಹಿಡಿದು ಓಡಿಬಂದ. ಸುರಿಯುವಾಗ ಇಳಿದ ಬಣ್ಣ, ಡಬ್ಬದ ಮೇಲೆ ಬರೆದಿದ್ದ ಬಣ್ಣದ ಹೆಸರಿನ ತಲೆಯನ್ನು ಮುಚ್ಚಿತ್ತು. ಅವನ ಹೆಬ್ಬೆರಳು ಬಾಲವನ್ನು ಉಜ್ಜಿಹಾಕಿತ್ತು. ನಡುವೆ ಉಳಿದದ್ದು 'ಣಗಿದ'. ಪೂರ್ತಿ ಹೆಸರು ಅವನಿಗೂ ನೆನಪಿರಲಿಲ್ಲ.

"ಅರ್ಧ ಗೋಡೆ ಆಗಿದೆ ಅಣ್ಣಾ. ಅಂಚು ಆರೋದರೊಳಗೆ ಮಿಕ್ಕಿದ್ದು ಬಳೀಬೇಕು, ಇಲ್ಲಾಂದ್ರೆ ನಡುವೆ ಗೆರೆ ಬೀಳುತ್ತೆ."

"ಯಾರ ಮನೆ?" ಎಂದ ಮಾವ.

"ನಮ್ಮತ್ತೇದು. ಬೇರೆಯವರದಾಗಿದ್ರೆ ಗೆರೇನೇ ಡಿಸೈನು ಅಂತಿದ್ದೆ."

'ಈಗಲೇ' ಆ ಮೂರಕ್ಷರ ಒತ್ತಿದಳು. ಪರದೆಯ ಮೇಲೆ ಚಕ್ರ ಸುತ್ತತೊಡಗಿತು, ಸುತ್ತುತ್ತಲೇ ಇತ್ತು.

"ಏನ್ ಮಾಡ್ತಿದೆ ಅದು?"

"ಓದ್ತಿದೆ ಮಾವ. ಇಂಡೆಕ್ಸ್, ಅಂದ್ರೆ ಹುಡುಕೋ ಪಟ್ಟಿ, ಜೋಡಿಸಿರೋದು ಹೆಸರಿನ ಶುರುವಿನಿಂದ. ತಲೆಯಿಲ್ಲದ ಹೆಸರು ಕೊಟ್ರೆ ಅದು ಉಪಯೋಗಕ್ಕೆ ಬರಲ್ಲ, ಲಕ್ಷಾಂತರ ಹಳೇ ಆರ್ಡರನ್ನೆಲ್ಲ ಒಂದೊಂದಾಗಿ ಓದಬೇಕು."

"ಶುರುವಿನಿಂದ ಯಾಕೆ ಜೋಡಿಸ್ದೆ?"

"ಎಲ್ಲರೂ ಹೆಸರು ಪೂರ್ತಿ ಹೇಳ್ತಾರೆ ಅಂದ್ಕೊಂಡೆ."

"ಪೇಂಟರುಗಳನ್ನ ನೋಡೇ ಇಲ್ವಾ ನೀನು?"

ಅವಳು ಹುಡುಕಾಟ ನಿಲ್ಲಿಸಿ, ಎಸ್‌ಕ್ಯೂಎಲ್‌ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೊಸ ಇಂಡೆಕ್ಸಿಗೆ ಒಂದು ಸಾಲು ಬರೆದಳು. ಪ್ರತಿ ಹೆಸರನ್ನೂ ಮೂರು ಮೂರು ಅಕ್ಷರದ ಹೋಳು ಮಾಡಿ, ಯಾವ ಹೋಳು ಯಾವ ಹೆಸರಿನಲ್ಲಿದೆ ಎಂದು ಗುರುತಿಟ್ಟುಕೊಳ್ಳುವ ಇಂಡೆಕ್ಸ್ ಅದು. ನಡುವಿನ ಒಂದು ಹೋಳು ಸಿಕ್ಕರೂ ಹೆಸರು ಸಿಕ್ಕಂತೆ.

ಹೆಸರುಗಳನ್ನೆಲ್ಲ ಹೆಚ್ಚುವುದಕ್ಕೆ ಹೊತ್ತು ಹಿಡಿಯಿತು. ಅಷ್ಟರಲ್ಲಿ ಪೇಂಟರನ ಫೋನು ಬಡಿದುಕೊಂಡಿತು.

"ಬಾಗಿಲ ಹತ್ರಾನೇ ಇದ್ದೀನಿ ಅತ್ತೆ," ಎಂದವನು ಫೋನಿಗೆ ಕೈ ಅಡ್ಡ ಹಿಡಿದು, "ಯಾವ ಬಾಗಿಲು ಅಂತ ಹೇಳಿಲ್ಲ" ಎಂದು ಮಾವನಿಗೆ ಪಿಸುಗುಟ್ಟಿದ.

ಇಂಡೆಕ್ಸ್ ಸಿದ್ಧವಾಯಿತು. ಅವಳು ಮತ್ತೆ 'ಣಗಿದ' ಒತ್ತಿದಳು. ಬೆರಳು ಎತ್ತುವಷ್ಟರಲ್ಲಿ ಎರಡೇ ಹೆಸರು: ಒಣಗಿದ ಹುಲ್ಲು, ಒಣಗಿದ ನಿಂಬೆ.

"ಹುಲ್ಲು," ಎಂದು ಪೇಂಟರು ಪರದೆಯ ಮೇಲೇ ಬೆರಳೊತ್ತಿದ. ಮಾವ ಮೊದಲು ಪರದೆ ಒರೆಸಿದ, ಆಮೇಲೆ ಹೊಸ ಡಬ್ಬಕ್ಕೆ ಆ ಬಣ್ಣ ಹಾಕಿ ಮಿಕ್ಸರಿಗಿಟ್ಟ.

"ಅತ್ತೆ, ಗೋಡೆ ಅಂಚು ಸ್ವಲ್ಪ ಮುಟ್ಟಿ ನೋಡಿ," ಎಂದ ಪೇಂಟರು. ಫೋನಿನಿಂದ ಸಿಡಿದ ಮಾತು ಅಂಗಡಿಗೆಲ್ಲ ಕೇಳಿಸಿತು.

"ಏನಂತೆ?" ಎಂದಳು 'ಈಗಲೇ'.

"ಕೈಯೆಲ್ಲ ಬಣ್ಣ ಆಯ್ತು ಅಂತ ಬೈತಿದ್ದಾರೆ. ಇನ್ನೂ ಆರಿಲ್ಲ."

ಅವಳು ಮುಚ್ಚಳ ಬಿಗಿದು ಡಬ್ಬವನ್ನು ಅವನ ಕೈಗಿಟ್ಟಳು.