ನಮಾಜಿನ ಸಾಲಿನಲ್ಲಿ ಪಕ್ಕದವಳು

ಮಸೀದಿಗೆ ಬೀಗ ಬಿದ್ದು ಐದು ವಾರವಾಗಿತ್ತು. ಏಪ್ರಿಲ್‌ನ ಆ ಬೆಳಿಗ್ಗೆ ಮಸೀದಿಯ ಕಾರ್ಯದರ್ಶಿಯ ಫೋನ್ ಬಂದಾಗ ಖೈರುನ್ನಿಸಾ ಮನೆಯಲ್ಲೇ ಆಫೀಸಿನ ಕೆಲಸಕ್ಕೆ ಕೂತಿದ್ದಳು. ಲಿಟಲ್ ಐಲ್ಯಾಂಡಿನ ಔಷಧ ಕಂಪನಿಯೊಂದರಲ್ಲಿ ಅವಳಿಗೆ ನೌಕರಿ. ಅದರ ಜೊತೆಗೆ, ಕಾರ್ಕ್ ನಗರದಲ್ಲಿ ಮುಸ್ಲಿಂ ಹೆಂಗಸರು ಯಾರೇ ತೀರಿಕೊಂಡರೂ ಮೈ ತೊಳೆದು ಕಫನ್ ಬಟ್ಟೆ ಉಡಿಸುವ ನಾಲ್ವರಲ್ಲಿ ಅವಳೂ ಒಬ್ಬಳು.

"ಕೋವಿಡ್. ಈ ಸಲ ಸ್ನಾನ ಮಾಡಿಸೋ ಹಾಗಿಲ್ಲ, ಹೆಣದ ಚೀಲಾನೂ ತೆಗೆಯೋ ಹಾಗಿಲ್ಲ. ಮೇಲಿಂದಲೇ ಮಣ್ಣು ಸವರಿ ಶುದ್ಧಿ ಮಾಡ್ಬೇಕು," ಎಂದರು ಕಾರ್ಯದರ್ಶಿ. "ಹೆಸರು ಸಕೀನಾ. ಬ್ಯಾಲಿನ್‌ಕೊಲಿಗ್‌ನವರು."

ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತು. ಪುತ್ತೂರಿನ ಸಕೀನಾ! ಬ್ಯಾಲಿನ್‌ಕೊಲಿಗ್‌ನ ವೃದ್ಧಾಶ್ರಮದಲ್ಲಿ ನರ್ಸ್, ಇವಳ ಜೀವದ ಗೆಳತಿ. ತನ್ನ ವಾರ್ಡಿನಲ್ಲಿ ಎಂಟು ಮಂದಿಗೆ ಬಂದಿದೆಯೆಂದು ಮೊನ್ನೆಯಷ್ಟೇ ಹೇಳಿದ್ದಳು. ಕಾರ್ಯದರ್ಶಿ ಮುಂದೆ ಏನು ಹೇಳಿದರೋ ಕಿವಿಗೆ ಬೀಳಲಿಲ್ಲ. ಫೋನಿಟ್ಟವಳು, ಏಕೆಂದು ತಿಳಿಯದೆಯೇ, ಸಕೀನಾಳ ನಂಬರ್ ಒತ್ತಿದಳು. ಮೂರನೇ ಸಲಕ್ಕೆ ಆ ಕಡೆಯಿಂದ ನಿದ್ದೆಗಣ್ಣಿನ ದನಿ ಬಂತು.

"ಎಂತ ಮಾರಾಯ್ತಿ? ಈಗಷ್ಟೇ ಡ್ಯೂಟಿ ಮುಗ್ಸಿ ಮಲಗಿದ್ದು ನಾನು."

ಖೈರುನ್ನಿಸಾ ಬಿಕ್ಕಿ ಬಿಕ್ಕಿ ಅತ್ತಳು. "ನೀನಲ್ಲ! ಅಲ್ಲಾಹ್, ನಿನಗೆ ಸಾವಿರ ಶುಕ್ರ್, ಇವಳಲ್ಲ!"

ಎಲ್ಲ ಕೇಳಿಸಿಕೊಂಡ ಸಕೀನಾ, "ನಾನಲ್ಲದಿದ್ರೆ, ಮತ್ತೆ ಯಾರು?" ಎಂದಳು.

ಯಾರೆಂದು ಮಧ್ಯಾಹ್ನ ಶವಾಗಾರದಲ್ಲಿ ತಿಳಿಯಿತು. ಗುರುತಿನ ಚೀಟಿಯ ಫೋಟೋ ನೋಡಿದ್ದೇ ಖೈರುನ್ನಿಸಾಳಿಗೆ ಗುರುತು ಸಿಕ್ಕಿತು. ಅಲ್ಜೀರಿಯಾದ ಖಾಲಾ! ಮೂರು ವರ್ಷ ಪ್ರತಿ ಶುಕ್ರವಾರ ಭುಜಕ್ಕೆ ಭುಜ ತಾಗಿಸಿ ಪಕ್ಕದಲ್ಲೇ ನಮಾಜಿಗೆ ನಿಂತವಳು. ಎಲ್ಲರಿಗೂ ಖಾಲಾ, ಚಿಕ್ಕಮ್ಮ; ಹೆಸರೇನೆಂದು ಒಬ್ಬರೂ ಕೇಳಿರಲಿಲ್ಲ. ಅವಳ ಸಾವಿಗೆ ತಾನು ಬೆಳಿಗ್ಗೆ ದೇವರಿಗೆ ಕೃತಜ್ಞತೆಯ ಶುಕ್ರ್ ಹೇಳಿದ್ದೆ ಎಂಬುದು ಖೈರುನ್ನಿಸಾಳಿಗೆ ನೆನಪಾಯಿತು. ಕೈಗವಸು ತೊಟ್ಟು, ಬಿಳಿ ಚೀಲದ ಮೇಲೆ, ಮುಖವಿರಬಹುದಾದ ಕಡೆ ಮಣ್ಣು ಸವರಿದಳು.

ದಫನಕ್ಕೆ ಹತ್ತು ಜನರಿಗೆ ಅನುಮತಿಯಿತ್ತು, ಬಂದವರು ಐವರು. ನಿದ್ದೆಗೆಟ್ಟ ಸಕೀನಾಳೂ ಬಂದು ದೂರದಲ್ಲಿ ನಿಂತಿದ್ದಳು. ಕಾರ್ಯದರ್ಶಿ ಹಿಡಿದ ಫೋನಿನಲ್ಲಿ ಖಾಲಾಳ ತಂಗಿ ಅಲ್ಜೀರಿಯಾದ ಓರಾನ್‌ನಿಂದ ನೋಡುತ್ತಿದ್ದಳು. ಮಣ್ಣು ಮುಚ್ಚಿದ ಮೇಲೆ ಅವಳು ಖೈರುನ್ನಿಸಾಳನ್ನು ಮುರುಕು ಇಂಗ್ಲಿಷಿನಲ್ಲಿ ಕೇಳಿದಳು: "ನೀವು ಅಕ್ಕನ ಗೆಳತಿಯಾ?"

"ಪಕ್ಕದಲ್ಲಿ ನಮಾಜ್ ಮಾಡ್ತಿದ್ದೆ."

"ಅವಳನ್ನು ನೋಡಿ ಹದಿಮೂರು ವರ್ಷ ಆಯ್ತು. ಹೇಗಿದ್ದಳು, ಹೇಳಿ."

ಮಂಡಿನೋವಿತ್ತು, ಆದರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಕೈಚೀಲದಲ್ಲಿ ಸದಾ ಖರ್ಜೂರ ಇಟ್ಟುಕೊಂಡು ಮಕ್ಕಳಿಗೆ ಹಂಚುತ್ತಿದ್ದಳು ಎಂದೆಲ್ಲ ಖೈರುನ್ನಿಸಾ ಹೇಳಿದಳು. ಎರಡು ನಿಮಿಷದಲ್ಲಿ ಗೊತ್ತಿದ್ದುದೆಲ್ಲ ಮುಗಿಯಿತು.

"ಇನ್ನೂ ಹೇಳಿ," ಎಂದಳು ತಂಗಿ.

ಖೈರುನ್ನಿಸಾ ಬಾಯಿ ತೆರೆದಳು. ಖರ್ಜೂರದ ಮಾತನ್ನೇ ಮತ್ತೊಮ್ಮೆ ಮೊದಲಿನಿಂದ ಹೇಳತೊಡಗಿದಳು.