ಮುಚ್ಚಳದ ಮೇಲಿನ ಅಂಗೈ

ಅನ್ನದ ಬೆಳ್ಳಿ ಬೋಗುಣಿ ಹಿಡಿದು ಗೇಟಿನ ಬಳಿ ಬರಿಗಾಲಲ್ಲಿ ನಿಂತಿದ್ದೆ. ಹಿರಿಯ ಭಿಕ್ಷು ನನ್ನೆದುರು ಬಂದವರು ತಮ್ಮ ಭಿಕ್ಷಾಪಾತ್ರೆಯ ಮುಚ್ಚಳವನ್ನು ಅಂಗೈಯಿಂದ ಒತ್ತಿಹಿಡಿದು, ತಲೆ ತಗ್ಗಿಸಿಕೊಂಡೇ ಮುಂದೆ ಹೋದರು. ಹಿಂದಿದ್ದವರೂ ಹಾಗೆಯೇ ಸರಿದುಹೋದರು. ಬೈದಿದ್ದರೆ ಮನಸ್ಸಾದರೂ ಹಗುರಾಗುತ್ತಿತ್ತು.

ಮಾಂಡಲೆಯ ಬೀದಿಯಲ್ಲಿ ಸೈನಿಕರು ಭಿಕ್ಷುಗಳ ಮೇಲೆ ಗುಂಡು ಹಾರಿಸಿದ ಮೇಲೆ, ಸೈನ್ಯದವರ ಮನೆಯ ಅನ್ನ ಮುಟ್ಟುವುದಿಲ್ಲವೆಂದು ಭಿಕ್ಷುಗಳು ಪಾತ್ರೆ ಬೋರಲು ಹಾಕಿದ್ದರು. ನನ್ನ ಗಂಡ ಹ್ಲಾ ಥ್ವಿನ್ ಸೈನ್ಯದ ಗೂಢಚಾರ ವಿಭಾಗದ ಮುಖ್ಯಸ್ಥರು. ಮದುವೆಯಾದಾಗ ಬರೀ ಕ್ಯಾಪ್ಟನ್; ಚಹದಂಗಡಿಯಲ್ಲಿ ಕೂತು ಎಲ್ಲರ ಹರಟೆಗೆ ಕಿವಿಗೊಟ್ಟು ನಗುತ್ತಿದ್ದರು. ಅವರಿಗೆ ಬಡ್ತಿ ಸಿಕ್ಕಿದಂತೆಲ್ಲ ನಮ್ಮ ಸುತ್ತ ಮಾತು ಕಡಿಮೆಯಾಗುತ್ತ ಬಂತು. ಈಗ ನಾನು ಬಟ್ಟೆಯಂಗಡಿಗೆ ಹೋದರೆ ಹೆಂಗಸರು ಬಟ್ಟೆಯ ಬಣ್ಣ ಬಿಟ್ಟು ಬೇರೇನೂ ಮಾತಾಡುವುದಿಲ್ಲ.

ಮಾರನೆಯ ದಿನ ಅಮ್ಮ ಸತ್ತ ಏಳನೆಯ ದಿನ. ಅಂದು ಭಿಕ್ಷುಗಳು ಉಂಡು ಪುಣ್ಯ ಹಂಚಿದರೆ ಮಾತ್ರ ಹೋದ ಜೀವ ಹೊಸ್ತಿಲು ದಾಟುತ್ತದೆ. ಅಮ್ಮ ಕೊನೆಗೆ ಇದ್ದದ್ದು ಅಕ್ಕನ ಮನೆಯಲ್ಲಿ. ಅಲ್ಲಿಗೆ ಹೋದೆ.

"ಅಡುಗೆಯಾದ್ರೂ ನಾನು ಮಾಡ್ತೀನಿ ಅಕ್ಕ."

"ಬೇಡ ಕಣೆ. ನಿನ್ನ ಕೈ ಅಡುಗೆ ಅಂತ ಗೊತ್ತಾದ್ರೆ ಎದ್ದು ಹೋಗ್ತಾರೆ. ಮುಚ್ಚಿಟ್ಟು ಬಡಿಸಿದ್ರೆ ಪಾಪ ಅಮ್ಮನಿಗೆ ಸುತ್ಕೊಳ್ಳತ್ತೆ."

"ಬಂದು ಕೂತ್ಕೊಳ್ಳೋದೂ ಬೇಡ್ವಾ?"

ಅಕ್ಕ ಹಿತ್ತಲ ಬಾಗಿಲ ಕಡೆ ಕೈತೋರಿಸಿದಳು. "ಹಿತ್ತಲ ಬಾವಿಕಟ್ಟೆ ಹತ್ರ ಕೂತ್ಕೋ. ಪುಣ್ಯ ಹಂಚಿದಾಗ ‘ಸಾಧು’ ಅಂತ ಪಾಲು ತಗೊಳ್ಳೋಕೆ ಯಾರ ಅಪ್ಪಣೆ ಬೇಕು? ಆದ್ರೆ ಆ ಸೈನ್ಯದ ಕಾರಲ್ಲಿ ಬರ್ಬೇಡ. ನಮ್ಮನೆ ಉಪ್ಪಿನ ಡಬ್ಬಿಯಲ್ಲಿ ಎಷ್ಟು ಉಪ್ಪಿದೆ ಅಂತಾನೂ ನಿನ್ನ ಗಂಡಂಗೆ ಗೊತ್ತಿರತ್ತೆ, ನೀನು ಬಂದದ್ದು ಬೀದಿಯೋರಿಗೂ ಗೊತ್ತಾಗೋದು ಬೇಡ."

ಸಂಜೆ ಮನೆಯಲ್ಲಿ ನನ್ನ ಗಂಡ ಕೇಳಿದರು: "ಬೆಳಿಗ್ಗೆ ಭಿಕ್ಷುಗಳು ಅನ್ನ ತಗೊಂಡ್ರಾ, ಸಾನ್?"

ಇಲ್ಲವೆಂದರೆ ಆ ವಿಹಾರದ ಮುಂದೆ ಸೈನ್ಯದ ಲಾರಿಗಳು ನಿಲ್ಲುತ್ತವೆ.

"ತಗೊಂಡ್ರು."

"ಯಾವ ವಿಹಾರದವರು?"

"ತಲೆ ಬಗ್ಗಿಸಿದ್ದೆ. ಮುಖ ನೋಡ್ಲಿಲ್ಲ."

"ನಾಳೆಗೆ ನಾನೇ ಕರೆಸ್ತೀನಿ. ನಾನು ಕರೆಸಿದ್ರೆ ಬರಲ್ಲ ಅನ್ನೋರು ಯಾರಿದಾರೆ?"

"ಬೇಡಿ. ಅಕ್ಕನ ಮನೇಲೇ ಆಗ್ಲಿ."

ಅವರು ನನ್ನ ಮುಖವನ್ನೇ ನೋಡಿದರು. ಕಚೇರಿಯಲ್ಲಿ ಮೇಜಿನಾಚೆ ಕೂರಿಸಿದವರನ್ನು ಹೇಗೆ ನೋಡುತ್ತಾರೆಂದು ನನಗೆ ಅಂದು ತಿಳಿಯಿತು.

ಮರುದಿನ ಬಾವಿಕಟ್ಟೆಯಲ್ಲಿ ಕೂತೆ. ಒಳಗೆ ತಂಬಿಗೆಯಿಂದ ತಟ್ಟೆಗೆ ಹನಿಹನಿಯಾಗಿ ನೀರು ಬೀಳುವ ಸದ್ದು, ಪುಣ್ಯ ಹಂಚುವ ಮಂತ್ರ. ಮನೆಯವರೆಲ್ಲ ಸಾಧು ಎಂದರು. ನಾನೂ ಅಂದೆ, ತುಟಿಯೊಳಗೇ. ನನ್ನ ಪಾಲು ಬಂತೋ ಇಲ್ಲವೋ ಕೇಳುವವರು ಯಾರೂ ಇರಲಿಲ್ಲ. ಅಕ್ಕ ಆ ನೀರನ್ನು ತಂದು ನನ್ನ ಪಕ್ಕದ ಮಲ್ಲಿಗೆ ಬುಡಕ್ಕೆ ಸುರಿದಳು.

"ಅಮ್ಮ ಹೊರಟ್ಳು. ನೀನೂ ಹೊರಡು."

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಅಂದರು: "ಸೈಕಲ್ ರಿಕ್ಷಾದಲ್ಲಿ ಹೋದ್ಯಂತೆ. ಬಾವಿ ಹತ್ರ ಬಿಸಿಲಿತ್ತಾ?"

"ನೆರಳಿತ್ತು."

"ಮೊನ್ನೆ... ಅಲ್ಲ, ನಿನ್ನೆ ಬೋಗುಣಿ ತುಂಬ ಅನ್ನ ಹಾಗೇ ವಾಪಸ್ ಬಂತಂತೆ."

ನಾನು ಸಾರು ಬಡಿಸಿದೆ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಬೆಳಿಗ್ಗೆ ಮತ್ತೆ ಅನ್ನ ಹಿಡಿದು ಗೇಟಿಗೆ ಹೋದೆ. ಬೀದಿ ಖಾಲಿಯಿತ್ತು; ರಾತ್ರಿಯೇ ಲಾರಿಗಳು ವಿಹಾರಕ್ಕೆ ಹೋಗಿದ್ದವೋ ಏನೋ. ಮಹಡಿಯ ಕಿಟಕಿಯಲ್ಲಿ ಅವರು ನಿಂತಿದ್ದಾರೆಂದು ತಿರುಗದೆಯೇ ಗೊತ್ತಾಯಿತು. ತಿರುವಿನಲ್ಲಿ ಕಾವಿ ಕಂಡಿತು. ಹಿರಿಯ ಭಿಕ್ಷು ನನ್ನೆದುರು ಬಂದರು, ಮುಚ್ಚಳವನ್ನು ಅಂಗೈಯಿಂದ ಒತ್ತಿಹಿಡಿದು ಮುಂದೆ ಹೋದರು.

ಇನ್ನೂ ಇದ್ದಾರೆ, ಎಂದುಕೊಂಡೆ. ಬಾಗಿ ಕೈಮುಗಿದೆ.